ಅಮ್ಮನ ಒಗ್ಗರಣೆ ಸೌಟು

ಸತ್ತವರು ಬಳಸಿದ ವಸ್ತುವಿನಲ್ಲಿ ಅವರ ಅಕ್ಕರೆಯ ಬಿಸಿ ಉಳಿದಿರುತ್ತಿತ್ತು. ಹಾಗೇ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನೋಡಲು ಬಂದವರು ಅಳುತ್ತ ನಿಂತುಬಿಡುತ್ತಿದ್ದರು, ಸಾಲು ಮುಂದೆ ಸಾಗುತ್ತಿರಲಿಲ್ಲ. ಆದ್ದರಿಂದ ಮ್ಯೂಸಿಯಂ ವಿಭಾಗದ ವಿದ್ಯಾರ್ಥಿಗಳಿಗೆ ಮೊದಲ ಪಾಠವೇ ಬಿಸಿ ಆರಿಸುವುದು: ವಸ್ತುವನ್ನು ಬರಿಗೈಯಲ್ಲಿ ಹಿಡಿದು, ಬಿಸಿಯೆಲ್ಲ ತಮ್ಮ ಅಂಗೈಗೆ ಇಳಿಯುವ ತನಕ ಕೂರುವುದು.

ಮೊದಮೊದಲು ಇಂಚರ ಹಾಸ್ಟೆಲಿನಲ್ಲಿ ಊಟ ಬಿಟ್ಟು ಅತ್ತಿದ್ದಳು. ಎರಡನೇ ವರ್ಷಕ್ಕೆ, ಯಾರದೋ ಊರುಗೋಲು ಹಿಡಿದುಕೊಂಡೇ ಕ್ಯಾಂಟೀನಿನಲ್ಲಿ ಇವತ್ತೇನು ತಿಂಡಿಯೋ ಎಂದು ಯೋಚಿಸುವಷ್ಟು ಪಳಗಿದ್ದಳು.

ಪರೀಕ್ಷೆಯಲ್ಲಿ ಅವಳ ಪಾಲಿಗೆ ಬಂದದ್ದು ಒಂದು ಒಗ್ಗರಣೆ ಸೌಟು. ಬಾಗಿದ ಹಿಡಿಗೆ ತಾಮ್ರದ ತಂತಿ ಸುತ್ತಿತ್ತು. ಹೈಸ್ಕೂಲಿನಲ್ಲಿದ್ದಾಗ ಅದನ್ನು ಸುತ್ತಿದವಳು ಅವಳೇ. ಹೋದ ವರ್ಷ ತೀರಿಕೊಂಡ ಅಮ್ಮನ ಸೌಟು. ಅಪ್ಪ ಅವಳಿಗೆ ಹೇಳದೆ ಮ್ಯೂಸಿಯಂಗೆ ಕೊಟ್ಟುಬಿಟ್ಟಿದ್ದರು.

ಇಂಚರ ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದಳು. ಕಾದಳು. ಏನೂ ಬರಲಿಲ್ಲ.

"ಆರಿತೇನಮ್ಮ?" ಎಂದರು ಪ್ರೊಫೆಸರ್ ಮಾದಪ್ಪ.

"ಮೊದ್ಲೇ ಆರ್ಹೋಗಿತ್ತು ಅನ್ಸುತ್ತೆ, ಸಾರ್."

ಅವರು ಮುಟ್ಟಿ ನೋಡಿ, ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದುಕೊಂಡರು. ಕಣ್ಣು ತುಂಬಿಬಂತು.

"ಯಾರೋ ತಾಯಿ ಕಣಮ್ಮ. ಮಗಳನ್ನ ಊಟಕ್ಕೆ ಕರೀತಾ ಇದಾಳೆ."

ಇಂಚರ ಸೌಟನ್ನೇ ನೋಡಿದಳು.

"ಏನಂತ ಕರೀತಾ ಇದಾಳೆ, ಸಾರ್?"