ಬಣ್ಣಗಳ ನಡುವಿನ ಜಾಗ

ಬೀರು ತೆರೆದದ್ದೇ ತಡ, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಸೊಸೆಗೆ ಅದು ಹಳೆಯ ಪರಿಚಯ. ತವರಿನಲ್ಲಿ ಅಕ್ಕತಂಗಿಯರೆಲ್ಲರ ಬಟ್ಟೆಯನ್ನು ಒಂದೇ ಟ್ರಂಕಿಗೆ ತುರುಕಿದಾಗ ಬರುತ್ತಿದ್ದ ವಾಸನೆ. "ಗಾಳಿಗೆ ಜಾಗ ಬಿಡ್ರೇ" ಎಂದು ಅಮ್ಮ ಗೊಣಗುತ್ತಿದ್ದರು. ಇಲ್ಲಿಯೂ ಅಷ್ಟೇ. ಎರಡು ಕೋಣೆ, ಆರು ಜನ, ಒಂದು ಬೀರು. ಅವಳ ಸೀರೆ ಎಳೆದರೆ ಅತ್ತೆಯ ನಾಲ್ಕು ಸೀರೆ ಬೀಳುತ್ತವೆ.

"ಬೀಳಿಸು, ಬೀಳಿಸು. ಮಡಚೋಕೆ ನಾನಿದ್ದೀನಲ್ಲ!" ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಸೊಸೆ ಬಿದ್ದ ಸೀರೆಗಳನ್ನು ಮತ್ತೆ ಬೀರುವಿಗೆ ತುರುಕಿದಳು. ಅವಳ ಕೈಚೀಲದ ತಳದಲ್ಲಿ ಓಣಿಯಾಚೆಯ ಎದುರು ಮಹಡಿಯ ಬೀಗದಕೈ ಇತ್ತು. ಬಾಡಿಗೆ ಮಾತಾಡಿ ಬಂದವನು ಗಂಡ; ತಾಯಿಗೆ ಹೇಳುವ ಕೆಲಸವನ್ನು ಮಾತ್ರ ಇವಳ ತಲೆಗೆ ಕಟ್ಟಿದ್ದ. ಬಾಯಿ ಬಿಟ್ಟರೆ ಮನೆ ಮುರಿದವಳು ಎನ್ನಿಸಿಕೊಳ್ಳಬೇಕು. ಅತ್ತೆಯ ಮನಸ್ಸು ಮುರಿದರಂತೂ ಮತ್ತೆ ಕೂಡಿಸುವವರಿಲ್ಲ.

ನೀರಿಗೆಂದು ಅಡುಗೆಮನೆಗೆ ಹೋದಳು. ಇಬ್ಬರ ಮೊಣಕೈ ತಾಗಿ ಸೌಟು ಬಿತ್ತು. ಎಂದಿನ ಹಾಗೆ ಇಬ್ಬರೂ ಬಗ್ಗಿದರು. ಎಂದಿನ ಹಾಗೆ ತಲೆಗೆ ತಲೆ ಡಿಕ್ಕಿ.

"ಏನೇ, ಪೆಟ್ಟು ತಿಂದೂ ನಗ್ತಿದ್ದೀಯ?"

"ಇವತ್ತು ಲ್ಯಾಬಿನಲ್ಲಿ ಬೆಳಕು ದಾಟಿತು, ಅತ್ತೆ."

ಬಣ್ಣದ ಅಣುಗಳನ್ನು ಜೋಡಿಸುವುದು ಅವಳ ಕೆಲಸ. ಒಂದು ಬಣ್ಣ ಬೆಳಕು ಹಿಡಿದು ಅದರ ಶಕ್ತಿಯನ್ನು ಪಕ್ಕದ್ದಕ್ಕೆ ಕೊಡಬೇಕು, ಅದು ಅದರಾಚೆಯದಕ್ಕೆ. ಕೊನೆಯದು ಕೆಂಪಗೆ ಬೆಳಗಬೇಕು. ವರ್ಷವಿಡೀ ಬೆಳಗಿರಲಿಲ್ಲ. ಅಣುಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತಿದ್ದವು. ಈ ಸಲ ಪ್ರತಿಯೊಂದರ ಪಕ್ಕೆಗೂ ಕೊಂಬೆಯಂಥ ದಪ್ಪನೆಯ ಪರಮಾಣು ಗುಂಪೊಂದನ್ನು ಕಟ್ಟಿ, ತುಸು ದೂರ ಸರಿಸಿದ್ದಳು.

"ಅಂಟಿಕೊಂಡರೆ ಏನಂತೆ?"

"ಬೆಳಕು ಅಲ್ಲೇ ಸಾಯುತ್ತೆ. ಬರೀ ಬಿಸಿ ಉಳಿಯುತ್ತೆ."

"ಹೂಂ. ನಮ್ಮ ಅಡುಗೆಮನೆ ಹಾಗೆ." ಅತ್ತೆ ಸೌಟು ತೊಳೆದರು. "ಹಾಗಂತ ದೂರ ತಳ್ಳಿಬಿಟ್ಟರೆ?"

"ಒಂದರದು ಇನ್ನೊಂದಕ್ಕೆ ಮುಟ್ಟೋದೇ ಇಲ್ಲ."

ಅತ್ತೆ ತೊಳೆದ ಸೌಟನ್ನೇ ಇನ್ನೊಮ್ಮೆ ತೊಳೆದರು.

"ಮತ್ತೆ ಎಷ್ಟು ದೂರ ಇರಬೇಕು? ಎದುರು ಮನೆಯಷ್ಟು ಸಾಕಾ?"

ಬಾಯಿಗೆ ಎತ್ತಿದ ಲೋಟ ಸೊಸೆಯ ಕೈಯಲ್ಲೇ ನಿಂತಿತು. ಪಕ್ಕದ ಕೋಣೆಯಲ್ಲಿ ಗಂಡ ಪೇಪರು ಮಗುಚುತ್ತಿದ್ದ ಸದ್ದೂ ನಿಂತಿತು.

"ಆ ಮನೆಯವರೇ ಹೇಳಿದ್ರು. ನೀನು ಯಾವಾಗ ಬಾಯಿ ಬಿಡ್ತೀಯೋ ಅಂತ ಕಾಯ್ತಿದ್ದೆ." ಅತ್ತೆ ಸೌಟನ್ನು ಮೊಳೆಗೆ ತೂಗುಹಾಕಿದರು. "ಹೋಗೋದು ಹೋಗ್ತೀಯ, ಸೀರೆಗಳನ್ನ ಬಿಸಿಲಿಗೆ ಹಾಕಿ ತಗೊಂಡು ಹೋಗು. ಮುಗ್ಗಿವೆ."

ಸಾಮಾನು ಸಾಗಿಸಿದ ಮರುದಿನ ಬೆಳಿಗ್ಗೆ ಹೊಸ ಮನೆಯಲ್ಲಿ ಇನ್ನೂ ಒಲೆ ಹೊತ್ತಿರಲಿಲ್ಲ. ಲ್ಯಾಬಿಗೆ ಹೊತ್ತಾಗಿತ್ತು. ಕಿರಿದಾದ ಓಣಿಯಾಚೆ, ತಮ್ಮ ಮಹಡಿಯ ಕಂಬಿಯ ಬಳಿ ಬಂದ ಅತ್ತೆ ಊಟದ ಡಬ್ಬಿ ಹಿಡಿದು ಕೈ ಚಾಚಿದರು. ಮುಟ್ಟಲಿಲ್ಲ. ಸೊಸೆ ಈಚೆಯ ಕಂಬಿಯ ಮೇಲೆ ಬಗ್ಗಿ ತಾನೂ ಕೈ ಚಾಚಿದಳು.

ಡಬ್ಬಿ ದಾಟಿತು.