ಮಾರ್ದಿಯಸನ ಒಪ್ಪಿಗೆ

ಎರಡು ದಿನದ ಪ್ರಯಾಣಕ್ಕೆ ಅತ್ತೆ ಅವನ ಪೆಟ್ಟಿಗೆಯಲ್ಲಿ ಏಳನೆಯ ಅಂಗಿ ಇಡುತ್ತಿದ್ದರು. ಮಾರ್ದಿಯಸ್ ಬಾಗಿಲಲ್ಲೇ ನಿಂತ.

“ಇಷ್ಟೊಂದು ಯಾಕತ್ತೆ?”

“ಇರ್ಲಿ ಬಿಡಿ. ಬೇಕು ಅಂದಾಗ ಕೈಗೆ ಸಿಗಬೇಕು.”

ಅವನ ಹೆಂಡತಿ ಎಲ್ಫಿರಾಳನ್ನು ಮಣ್ಣು ಮಾಡಿ ಎಂಟನೆಯ ಬೆಳಗು. ಏಳು ದಿನದ ಪ್ರಾರ್ಥನೆ ನಿನ್ನೆಗೆ ಮುಗಿದಿತ್ತು. ಚಾಪೆಗಳು ಮಸೀದಿಗೆ ಹೋಗಿದ್ದವು. ಒಲೆಯ ಮೇಲೆ ಮತ್ತೆ ಮನೆಮಂದಿಗಷ್ಟೇ ಅನ್ನ ಬೇಯುತ್ತಿತ್ತು. ಪಕ್ಕದ ಮನೆಯ ರೇಡಿಯೋ ಕೂಡ ಶುರುವಾಗಿತ್ತು. ಅತ್ತೆ ಕಾಫಿ ಕೊಡುತ್ತಾ, ಶನಿವಾರ ಭಾನುವಾರ ಹೇಗೂ ಶಾಲೆ ಇಲ್ಲ, ನಿಮ್ಮ ಚಿಕ್ಕಮ್ಮನ ಊರಿಗೆ ಹೋಗೋಣ ಎಂದಿದ್ದರು.

ಆ ಮನೆಯಲ್ಲಿ ಅವನಿಗೆ ಹನ್ನೊಂದು ವರ್ಷ. ದೊಡ್ಡವರು ಯಾರೂ ಒಮ್ಮೆಯೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಮೀನಿನ ಒಳ್ಳೆಯ ತುಂಡು ಅವನ ತಟ್ಟೆಗೇ ಬೀಳುತ್ತಿತ್ತು. ಮಾಡು ಸೋರಿದರೆ ಮಾತ್ರ ಅವನನ್ನು ಕೇಳದೆಯೇ ಕೆಲಸದವರು ಬರುತ್ತಿದ್ದರು. “ನೆಂಟ್ರೇ, ಇನ್ನೊಂಚೂರು ಅನ್ನ ಹಾಕ್ಲಾ?” ಎಂದು ಎಲ್ಫಿರಾ ಅವನನ್ನು ರೇಗಿಸುತ್ತಿದ್ದಳು.

ಈಗ ಅವನಿಗೆ ಒಂದೇ ಆಸೆ. ತಾನು ಪಾಠ ಹೇಳುವ ಶಾಲೆಯ ಹಿಂದೆ ಎರಡು ಕೋಣೆಯ ಮನೆಯೊಂದು ಬಾಡಿಗೆಗಿತ್ತು. ಒಂಬತ್ತು ವರ್ಷದ ಮಗಳು ಹಾನಿಫಾಳನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕು. ಐದನೆಯ ದಿನ ಅತ್ತೆಯ ಮುಂದೆ ಬಾಯಿಬಿಟ್ಟು ಹೇಳಿಯೂ ಆಗಿತ್ತು.

“ಅವಳು ಈ ಮನೆ ಮಗು. ಅವಳನ್ನ ಹೊರಗೆ ಕಳಿಸೋ ಮಾತೇ ಇಲ್ಲ,” ಎಂದಿದ್ದರು ಅತ್ತೆ. ಅನ್ನ ಬಡಿಸುವಾಗಿನದೇ ದನಿ.

ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಅತ್ತೆಯ ಅಣ್ಣ ಜಾಮಾರಿಸ್ ಕುಳಿತರು. ಆ ಮನೆಯ ತೀರ್ಮಾನಗಳೆಲ್ಲ ಅವರವೇ. ಮದುವೆಮನೆಗೆ ಹೊರಟವರಂತೆ ಕಪ್ಪು ಟೋಪಿ, ಇಸ್ತ್ರಿ ಮಾಡಿದ ಲುಂಗಿ. ಹಿಂದೆ ಹಾನಿಫಾ, ಅವಳ ಪಕ್ಕ ಎಲ್ಫಿರಾಳ ತಂಗಿ ಗುಸ್ನಿತಾ. ನಡುವಿನ ಸೀಟಿನಲ್ಲಿ ಅತ್ತೆಗೂ ಬಾಗಿಲಿಗೂ ಮಧ್ಯೆ ಮಾರ್ದಿಯಸ್. ಪೆಟ್ಟಿಗೆ ಮೊಣಕಾಲಿಗೆ ಒತ್ತುತ್ತಿತ್ತು. ಕಿಟಕಿ ಅರ್ಧಕ್ಕೆ ಕಚ್ಚಿಕೊಂಡಿತ್ತು.

ಪಾದಾಂಗ್ ಪೇಟೆ ದಾಟಿದ ಮೇಲೆ ಜಾಮಾರಿಸ್ ಹಿಂದಿರುಗಿ ನೋಡದೆಯೇ ಹೇಳಿದರು: “ಮದುವೆಯಾಗದ ಹುಡುಗಿ ಇರೋ ಮನೆ. ಹೆಂಡ್ತಿ ಇಲ್ಲದ ಗಂಡಸು. ಹೀಗೇ ಬಿಟ್ರೆ ನಾಳೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ.”

“ಅದಕ್ಕೇ ತಾನೇ ಹೊರಟಿರೋದು,” ಎಂದರು ಅತ್ತೆ. “ಹಾನಿಫಾಗೂ ಚಿಕ್ಕಮ್ಮ ಅಂದ್ರೆ ಪ್ರಾಣ. ಇನ್ಮೇಲೆ ಇವಳೇ ಅಲ್ವಾ ತಾಯಿ.”

ಗುಸ್ನಿತಾ ತಲೆ ಎತ್ತಲಿಲ್ಲ.

ಮಾರ್ದಿಯಸನಿಗೆ ಎಲ್ಲ ಅರ್ಥವಾಯಿತು. ಸತ್ತವಳ ತಂಗಿಯನ್ನು ಅಳಿಯನಿಗೆ ಕೊಟ್ಟು ಅವನನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಅವನು ಕಾಣದ್ದೇನಲ್ಲ. ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಹಾಗೇ ಆಗಿತ್ತು. ಆದರೆ ಎಂಟೇ ದಿನಕ್ಕೆ? ತನ್ನನ್ನು ಭಾವ ಎಂದು ಕರೆಯುವ, ನಿನ್ನೆ ತನ್ನ ಅಂಗಿಗೆ ಗುಂಡಿ ಹಾಕಿಕೊಟ್ಟ ಹುಡುಗಿಯನ್ನು? ಆಗುವುದಿಲ್ಲ ಎನ್ನಲು ಮೆತ್ತನೆಯ ಮಾತುಗಳನ್ನು ಹುಡುಕತೊಡಗಿದ. ಒಂದು ವಾಕ್ಯ ಕಟ್ಟಿದ, ಕೆಡವಿದ, ಮತ್ತೆ ಕಟ್ಟಿದ.

ಊರು ಹತ್ತಿರವಾದಾಗ ತೆಂಗಿನ ತೋಟವೊಂದರಲ್ಲಿ ಹಗ್ಗ ಕಟ್ಟಿದ ಕೋತಿ ಮರದ ಮೇಲೆ ಕುಳಿತು ಕಾಯಿ ತಿರುಚುತ್ತಿತ್ತು. ಕೆಳಗೆ ನಿಂತ ಯಜಮಾನ ಬೈಯುತ್ತಿದ್ದ.

“ಅಪ್ಪಾ, ಆ ಕೋತಿ ನಿನ್ನ ಥರಾನೇ. ಬೈದ್ರೆ ತಲೆ ಕೆರ್ಕೊಳತ್ತೆ,” ಎಂದು ಹಾನಿಫಾ ನಕ್ಕಳು. ಎಂಟು ದಿನದಲ್ಲಿ ಅದೇ ಮೊದಲ ನಗು.

ಅವನು ತಿರುಗಿ ನೋಡಿದ. ಮಗಳ ತಲೆ ಗುಸ್ನಿತಾಳ ತೋಳಿಗೆ ಒರಗಿತ್ತು. ಆಗುವುದಿಲ್ಲ ಎಂದರೆ ಆ ಮನೆಯಲ್ಲಿ ತನಗೆ ಜಾಗವಿಲ್ಲ. ಮಗು ಆ ಮನೆಯಿಂದ ಹೊರಗೆ ಬರುವುದಿಲ್ಲ. ಕಟ್ಟಿಟ್ಟ ವಾಕ್ಯವನ್ನು ಅವನು ಅಲ್ಲೇ ಬಿಟ್ಟ. ಇಡೀ ಜನ್ಮ ನೆಂಟನಾಗಿರಬೇಕೆಂದರೆ ಅದೂ ಆಗಲಿ.

ಚಿಕ್ಕಮ್ಮ ರೊಹಾನಾಳ ಜಗಲಿಯಲ್ಲಿ ಅವನ ಕಡೆಯ ನಾಲ್ವರು ಹಿರಿಯರು ಆಗಲೇ ಕುಳಿತಿದ್ದರು. ಚಿಕ್ಕಮ್ಮ ಅವನ ಕೆನ್ನೆ ಸವರಿದಳು. ಹಾನಿಫಾ ಗುಸ್ನಿತಾಳ ಜೊತೆ ಕಾರಿನಲ್ಲೇ ಉಳಿದು ಬಿಸಿ ಮೀನಿನ ಬೋಂಡ ತಿನ್ನುತ್ತಿದ್ದಳು. ಜಾಮಾರಿಸ್ ಜರತಾರಿ ಬಟ್ಟೆ ಮುಚ್ಚಿದ ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆಯನ್ನು ಹಿರಿಯರ ಮುಂದಿಟ್ಟರು.

ಇನ್ನು ಅನುಮಾನವಿರಲಿಲ್ಲ. ಈ ಸೀಮೆಯಲ್ಲಿ ಗಂಡನ್ನು ಕೇಳಿಕೊಂಡು ಬರುವವರು ಹೆಣ್ಣಿನ ಕಡೆಯವರು. ಅವನ ಮದುವೆಗೂ ಹೀಗೇ ಎಲೆಯಡಿಕೆ ಬಂದಿತ್ತು. ದೂರದ ಮೇದಾನ್ ಪೇಟೆಯಲ್ಲಿ ಹುಟ್ಟಿ ಬೆಳೆದ ಮಾರ್ದಿಯಸನಿಗೆ ಊರಿನ ಶಾಸ್ತ್ರಗಳಲ್ಲಿ ಗೊತ್ತಿದ್ದದ್ದು ಅದೊಂದೇ. ಎಲೆಯಡಿಕೆಯ ಎದುರು ಆಡಿದ ಮಾತನ್ನು ಗಂಡಸು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ ಎಂಬುದೂ ಆವತ್ತೇ ತಿಳಿದಿತ್ತು.

ಗುಸ್ನಿತಾಳ ಹೆಸರು ಎಲ್ಲರ ನಡುವೆ ಎಳೆದಾಡಿಸಿಕೊಳ್ಳುವುದು ಬೇಡವೆಂದು ಅವನೇ ಮೊದಲು ಬಾಯಿಬಿಟ್ಟ.

“ನೀವು ಏನು ಹೇಳೋಕೆ ಬಂದಿದೀರಿ ಅಂತ ನಂಗೊತ್ತು ಮಾವ. ಮಗು ಸುಖವಾಗಿರ್ಬೇಕು, ಅಷ್ಟೇ. ನಂಗೆ ಪೂರ್ತಿ ಒಪ್ಪಿಗೆ.”

ಜಾಮಾರಿಸ್ ಉಸಿರು ಬಿಟ್ಟರು. “ಇದನ್ನ ನಿಮ್ಮ ಹತ್ರ ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ಒದ್ದಾಡ್ತಿದ್ದೆ. ದೊಡ್ಡ ಮನಸ್ಸು ನಿಮ್ದು.”

ಹಿರಿಯರು ಒಬ್ಬೊಬ್ಬರಾಗಿ ಎಲೆ ತೆಗೆದುಕೊಂಡರು. ಮಾತು ಗಟ್ಟಿಯಾಯಿತು.

ಅತ್ತೆ ಮೊದಲ ಬಾರಿಗೆ ಅತ್ತರು. ಆಮೇಲೆ ರೊಹಾನಾಳ ಕಡೆ ತಿರುಗಿ, “ಹನ್ನೊಂದು ವರ್ಷದ ಕೆಳಗೆ ನನ್ನ ಮಗಳು ನಿಮ್ಮ ಹುಡುಗನ್ನ ಎರವಲು ತಗೊಂಡಿದ್ಲು, ಈಗ ಅವಳಿಲ್ಲ, ನಿಮ್ಮ ಹುಡುಗನ್ನ ನಿಮಗೇ ಒಪ್ಪಿಸಿ, ಮಗೂನ ಕರ್ಕೊಂಡು ನಾವು ಹೊರಡ್ತೀವಿ,” ಎಂದರು.