ಬೆಳೆಯದ ಗಡ್ಡದ ಕ್ಷೌರ

ಎಂಟು ವರ್ಷಗಳಿಂದ ಒಂದು ಕೂದಲೂ ಬೆಳೆಯದ ಗಡ್ಡಕ್ಕೆ ಹಾಲಪ್ಪಗೌಡರು ಪ್ರತಿ ಭಾನುವಾರ ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಜೀವಕೋಶಗಳಿಗೆ ‘ಎರಡಾಗಿ, ಬೆಳೆಯಿರಿ’ ಎಂದು ಅಪ್ಪಣೆ ಕೊಡುವ ಕೈನೇಸ್ ಎಂಬ ಪ್ರೋಟೀನಿನ ಬಾಯಿ ಮುಚ್ಚಿಸುವ ಮಾತ್ರೆ ನುಂಗಿದರೆ ಮುಪ್ಪು ಬರುವುದಿಲ್ಲ, ಗಡ್ಡವೂ ಬೆಳೆಯುವುದಿಲ್ಲ. ಹರಿಹರದ ಉಳ್ಳವರಿಗೆಲ್ಲ ಅದೇ ಚಟ. ಕ್ಷೌರಿಕ ತಿಪ್ಪಣ್ಣನಿಗೆ ಅವರನ್ನು ಕಂಡರೆ ಬಟ್ಟೆ ಅಂಗಡಿಯ ಗೊಂಬೆಗಳು ಬಂದು ಕೂತಂತೆ ಅನಿಸುತ್ತಿತ್ತು. ನೊರೆ ಹಚ್ಚಿ, ಬ್ಲೇಡಿಲ್ಲದ ಕತ್ತಿ ಆಡಿಸಿ ಕಳಿಸುತ್ತಿದ್ದ.

“ಇವತ್ತು ಬ್ಲೇಡ್ ಹಾಕೋ. ಹೆಣ್ಣು ನೋಡಾಕೆ ಹೊಂಟೀನಿ,” ಎಂದರು ಎಪ್ಪತ್ತು ದಾಟಿದ ಗೌಡರು.

ತಿಪ್ಪಣ್ಣ ಹಾಕಿದ. ತಮ್ಮ ಚೆಲುವು ನೋಡಿಕೊಳ್ಳಲು ಗೌಡರು ಕನ್ನಡಿಯತ್ತ ಗಲ್ಲ ಹೊರಳಿಸಿದ್ದೇ ತಡ, ಕತ್ತಿ ಗೀರಿ ರಕ್ತ ಇಳಿಯಿತು.

“ಅಯ್ಯೋ, ಇದು ಯಾವಾಗ ಮಾಯ್ತದೋ?”

“ಮಾತ್ರೆ ಬಿಟ್ರೆ ಎಂಟು ದಿನಕ್ಕೆ, ಗೌಡ್ರೇ. ಚರ್ಮ ಬೆಳೀಬೇಕಲ್ಲ.”

“ಬಿಟ್ರೆ ಮುದುಕ ಆಗ್ತೀನಲ್ಲೋ!”

“ಹಂಗಾರೆ ಪ್ಲಾಸ್ಟರ್ ಹಚ್ಚಿಕೊಂಡೇ ಮದುವೆ ಆಗ್ರಿ. ಮೊಮ್ಮಕ್ಕಳ ಮದುವೆಗೂ ಅದೇ ಇರ್ತದೆ.”

ಗೌಡರು ಬೈಯುತ್ತಲೇ ಹೋದರು. ಹೋದ ತಿಂಗಳು, ಮಾತ್ರೆ ಮುಟ್ಟದ ತಿಪ್ಪಣ್ಣನ ಬೆರಳನ್ನೂ ಬ್ಲೇಡು ಇಷ್ಟೇ ಆಳಕ್ಕೆ ಕೊಯ್ದಿತ್ತು. ಯಾವ ಬೆರಳೆಂದು ಕೈ ತಿರುಗಿಸಿ ನೋಡಿಕೊಂಡ, ಗುರುತೇ ಸಿಗಲಿಲ್ಲ.